ಒಂಬತ್ತರ ಪಕ್ಷ, ಹತ್ತರ ಪಕ್ಷ

ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್, ಅಂದರೆ ಎವೊ ಎಂಬ ಜಪಾನಿ ಕಾರಿನ ಬಗ್ಗೆ ಮಾತಾಡುವವರಲ್ಲಿ ಎರಡು ಪಕ್ಷಗಳಿವೆ: ಒಂದು ಅದರ ಒಂಬತ್ತನೆಯ ಮಾಡೆಲ್ಲಿನದು, ಇನ್ನೊಂದು ಹತ್ತನೆಯದು. ಒಂಬತ್ತರ ಪಕ್ಷದವರನ್ನು ಕೇಳಿದರೆ ನಿಜವಾದ ಎವೊ 2007ಕ್ಕೇ ತೀರಿಕೊಂಡಿತು, ಆಮೇಲೆ ಬಂದದ್ದು ಅದೇ ಹೆಸರಿಟ್ಟುಕೊಂಡ ಕಂಪ್ಯೂಟರು. ಹತ್ತರ ಪಕ್ಷದವರು ಇದಕ್ಕೆ ಜೋರಾಗಿ ಉತ್ತರ ಕೊಡುವುದಿಲ್ಲ. ಅವರಲ್ಲೂ ಅರ್ಧ ಜನಕ್ಕೆ ಅದು ನಿಜವೇ ಇರಬಹುದು ಅನ್ನುವ ಅನುಮಾನ ಒಳಗೊಳಗೇ ಇದೆ.

ನಾನು ಜಪಾನಿನ ನಗೋಯಾ ಹತ್ತಿರ ಇರುವವನು. ವಾಹನಗಳ ಕಂಟ್ರೋಲ್ ಯೂನಿಟ್‌ಗಳಿಗೆ ಸಾಫ್ಟ್‌ವೇರ್ ಬರೆಯುವುದು ಹೊಟ್ಟೆಪಾಡು. ಹಾಗಾಗಿ ‘ಕಂಪ್ಯೂಟರು ಬಂದು ಕಾರು ಕೆಟ್ಟಿತು’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಒಂಚೂರು ಮೈ ಉರಿಯುತ್ತದೆ. ಈ ಪಕ್ಷಪಾತವನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ನಮ್ಮ ಆಫೀಸಿನಲ್ಲಿ ಒಬ್ಬರ ಹತ್ತಿರ ಬೆಳ್ಳಿ ಬಣ್ಣದ ಎವೊ ಒಂಬತ್ತು ಇದೆ, ಇನ್ನೊಬ್ಬರ ಹತ್ತಿರ ಕೆಂಪು ಎವೊ ಹತ್ತು. ಇಬ್ಬರೂ ಧಾರಾಳಿಗಳು. ಕೀಲಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಮಿಕಾವಾ ಬೆಟ್ಟಗಳಲ್ಲೂ ಚಳಿಗಾಲದಲ್ಲಿ ಗಿಫು ಕಡೆಯ ಹಿಮದಲ್ಲೂ ಎರಡನ್ನೂ ಓಡಿಸಿದ್ದೇನೆ. ಈ ಎರಡು ಕಾರುಗಳ ಮಧ್ಯೆ ನಿಜಕ್ಕೂ ಏನೋ ಬದಲಾಯಿತು, ಆದರೆ ಎಲ್ಲರೂ ಬೆರಳು ತೋರಿಸುವ ಜಾಗದಲ್ಲಿ ಅಲ್ಲ ಎಂದು ಆಮೇಲಾಮೇಲೆ ಅನ್ನಿಸತೊಡಗಿತು.

ಎವೊ ಹುಟ್ಟಿದ್ದೇ ಒಂದು ನಿಯಮದ ಹೊಟ್ಟೆಯಲ್ಲಿ. ವಿಶ್ವ ರ‍್ಯಾಲಿಯ ಗ್ರೂಪ್ ಎ ವಿಭಾಗದಲ್ಲಿ ಓಡಬೇಕಾದರೆ ಅದೇ ಕಾರನ್ನು ಕನಿಷ್ಠ 2500 ಸಂಖ್ಯೆಯಲ್ಲಿ ತಯಾರಿಸಿ ಜನರಿಗೆ ಮಾರಬೇಕಿತ್ತು. ಮಿತ್ಸುಬಿಷಿ ಅದುವರೆಗೆ ಗ್ಯಾಲಂಟ್ ವಿಆರ್-4 ಓಡಿಸುತ್ತಿತ್ತು. ಕಾಡಿನ ಇಕ್ಕಟ್ಟು ರಸ್ತೆಗೆ ಆ ಕಾರು ದೊಡ್ಡದಾಯಿತು. ಹಾಗಾಗಿ ಅದರ ಟರ್ಬೊ ಎಂಜಿನ್ನನ್ನೂ ನಾಲ್ಕು ಚಕ್ರಗಳ ಚಾಲನೆಯನ್ನೂ ಕಿತ್ತು, ಮನೆಮಂದಿ ಓಡಾಡುವ ಚಿಕ್ಕ ಲ್ಯಾನ್ಸರ್ ಸೆಡಾನಿನೊಳಗೆ ತುರುಕಿದರು. ಮೊದಲ ಎವೊ ಬಂದದ್ದು 1992ರ ಅಕ್ಟೋಬರಿನಲ್ಲಿ. ಆಮೇಲೆ ಟಾಮಿ ಮ್ಯಾಕಿನೆನ್ ಎಂಬ ಫಿನ್‌ಲೆಂಡಿನವರು 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್ ಆದರು. ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಹೊಸ ಎವೊ ಬರುತ್ತಿದ್ದುದಕ್ಕೆ ಕಾರಣ ಗ್ರಾಹಕರ ಬೇಡಿಕೆಯಲ್ಲ. ಹೋದ ಸೀಸನ್ನಿನಲ್ಲಿ ಏನು ಮುರಿಯಿತು, ಏನು ಬಿಸಿಯಾಯಿತು, ಎಲ್ಲಿ ಗಾಳಿ ಸಾಲಲಿಲ್ಲ ಎಂಬುದರ ಪಟ್ಟಿಯೇ ಮುಂದಿನ ಮಾಡೆಲ್ಲಿನ ನಕಾಶೆ.

ಒಂಬತ್ತು ಬರುವ ಹೊತ್ತಿಗೆ, ಅಂದರೆ 2005ರ ಮಾರ್ಚಿಗೆ, ಈ ಕಥೆ ಮುಗಿಯುತ್ತಾ ಬಂದಿತ್ತು. 2001ರಲ್ಲೇ ಮಿತ್ಸುಬಿಷಿ ಹೊಸ ಡಬ್ಲ್ಯುಆರ್‌ಸಿ ನಿಯಮದ ಕಾರಿಗೆ ಬದಲಾಗಿತ್ತು. ಆ ನಿಯಮದಲ್ಲಿ ಮಾರುವ ಕಾರಿಗೂ ಓಡುವ ಕಾರಿಗೂ ಸಂಬಂಧ ಸಡಿಲ. 2005ರ ಸೀಸನ್ ಮುಗಿಯುತ್ತಿದ್ದಂತೆ ಕಂಪನಿ ವಿಶ್ವ ರ‍್ಯಾಲಿಯಿಂದಲೇ ಹೊರಬಂತು. ಎವೊಗೆ ಉಳಿದದ್ದು ಗ್ರೂಪ್ ಎನ್, ಅಂದರೆ ಶೋರೂಮಿನ ಕಾರಿಗೆ ಹೆಚ್ಚು ಬದಲಾವಣೆ ಮಾಡದೆ ಓಡಿಸುವ ವಿಭಾಗ. ಖಾಸಗಿ ತಂಡಗಳಿಗೆ ಅದು ದೊಡ್ಡ ಆಸರೆ. ಕಂಪನಿಯ ಲೆಕ್ಕದ ಪುಸ್ತಕಕ್ಕೆ ಅಷ್ಟಲ್ಲ.

ಒಂಬತ್ತನ್ನು ಓಡಿಸಿದಾಗ ಮೊದಲು ಗೊತ್ತಾಗುವುದು ವೇಗವಲ್ಲ, ತೂಕ ಇಲ್ಲದಿರುವುದು. ಬಾಗಿಲು ಹಾಕಿದರೆ ತಗಡಿನ ಸದ್ದು. ಡ್ಯಾಶ್‌ಬೋರ್ಡು ತೊಂಬತ್ತರ ದಶಕದ ಟ್ಯಾಕ್ಸಿಯದು ಅನ್ನಬಹುದು, ರೆಕಾರೊ ಸೀಟು ಮತ್ತು ಮೋಮೊ ಸ್ಟೀರಿಂಗ್ ಬಿಟ್ಟರೆ ಒಳಗೆ ಕಣ್ಣು ನಿಲ್ಲುವಂಥದ್ದು ಏನೂ ಇಲ್ಲ. ಛಾವಣಿ ಅಲ್ಯೂಮಿನಿಯಂನದು. ಜಪಾನಿನ ಜಿಎಸ್‌ಆರ್ ಮಾಡೆಲ್ಲಿನ ತೂಕ 1410 ಕೆಜಿ. ಆರು ಗೇರು. ಗೇರ್ ಲಿವರ್ ಅಲುಗಾಡುವ ದೂರ ಕಡಿಮೆ, ಆದರೆ ಬಲ ಹಾಕಬೇಕು. ಹೈಡ್ರಾಲಿಕ್ ಸ್ಟೀರಿಂಗ್ ಎಷ್ಟು ಚುರುಕೆಂದರೆ ಕಾಲುತಿರುಗು ತಿರುಗಿಸುವಷ್ಟರಲ್ಲಿ ಕಾರಿನ ಮೂತಿ ನೀವು ನೋಡುತ್ತಿದ್ದ ಜಾಗ ದಾಟಿ ಹೋಗಿರುತ್ತದೆ. ಮೊದಲ ತಿರುವುಗಳಲ್ಲಿ ನಾನು ಸ್ಟೀರಿಂಗನ್ನು ಹಿಂದಕ್ಕೆ ತರುವುದೇ ಆಯಿತು.

ಎಂಜಿನ್ನಿನ ಹೆಸರು 4ಜಿ63. 1997 ಸಿಸಿ, ಕಬ್ಬಿಣದ ಬ್ಲಾಕು, ಟೈಮಿಂಗ್ ಬೆಲ್ಟು. ಮೂಲ ವಿನ್ಯಾಸ ಎಂಬತ್ತರ ದಶಕದ್ದು, ಗ್ಯಾಲಂಟ್‌ನಿಂದ ಮೊದಲ ಎವೊಗೆ ಬಂದದ್ದೂ ಇದೇ. ಒಂಬತ್ತರಲ್ಲಿ ಮಾತ್ರ ಅದಕ್ಕೆ ಮೈವೆಕ್ ಸೇರಿತು, ಅಂದರೆ ಗಾಳಿ ಒಳಹೋಗುವ ವಾಲ್ವುಗಳು ತೆರೆಯುವ ಹೊತ್ತನ್ನು ವೇಗಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವ ವ್ಯವಸ್ಥೆ. ಕಾಗದದ ಮೇಲೆ ಶಕ್ತಿ 280 ಪಿಎಸ್, ಟಾರ್ಕ್ ಅಂದರೆ ತಿರುಗಿಸುವ ಬಲ 400 ನ್ಯೂಟನ್ ಮೀಟರ್. ಜಪಾನಿನ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು 280ಕ್ಕಿಂತ ಹೆಚ್ಚು ಶಕ್ತಿಯ ಕಾರು ಮಾರುವುದಿಲ್ಲ ಎಂದು ವರ್ಷಾನುಗಟ್ಟಲೆ ನಡೆದುಕೊಂಡಿದ್ದವು. ಒಂಬತ್ತು ಬರುವಷ್ಟರಲ್ಲಿ ಆ ಒಪ್ಪಂದ ಮುರಿದಿತ್ತು, ಆದರೂ ಕಾಗದದಲ್ಲಿ ಅಂಕಿ ಬದಲಾಗಲಿಲ್ಲ. ಮೂರು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಟರ್ಬೊ ಎದ್ದಾಗ ಕಾರು ಮುಂದಕ್ಕೆ ಹೋಗುವ ರೀತಿಯಲ್ಲಿ ಯಾವ ನಾಜೂಕೂ ಇಲ್ಲ. ಕೆಳಗೆ ಏನೂ ಇಲ್ಲ, ಆಮೇಲೆ ಎಲ್ಲವೂ ಒಟ್ಟಿಗೇ.

ಈಗ ಹತ್ತು. 2005ರ ಟೋಕಿಯೊ ಮೋಟಾರ್ ಶೋನಲ್ಲಿ ಕಾನ್ಸೆಪ್ಟ್-ಎಕ್ಸ್ ಎಂದು ತೋರಿಸಿ, 2007ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ತಂದದ್ದು. ಆ ಹೊತ್ತು ಕಂಪನಿಗೆ ಕೆಟ್ಟದ್ದು. ದೋಷಗಳನ್ನು ಮುಚ್ಚಿಟ್ಟ ಹಗರಣ 2000ದಲ್ಲಿ ಒಮ್ಮೆ, 2004ರಲ್ಲಿ ಮತ್ತೊಮ್ಮೆ ಬಯಲಾಗಿತ್ತು. ಪಾಲುದಾರ ಡೈಮ್ಲರ್‌ಕ್ರೈಸ್ಲರ್ 2004ರಲ್ಲಿ ಇನ್ನು ದುಡ್ಡು ಹಾಕುವುದಿಲ್ಲ ಎಂದು ಕೈಯೆತ್ತಿತ್ತು. ಅಂಥ ಹೊತ್ತಿನಲ್ಲಿ ಸಂಪೂರ್ಣ ಹೊಸ ಎವೊ ಮಾಡಿದ್ದನ್ನು ನಮ್ಮಜ್ಜಿ ನೋಡಿದ್ದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಿದ್ದರು. ನನಗೆ ಮಾತ್ರ ಆ ಮಲ್ಲಿಗೆ ಬಗ್ಗೆ ದೂರಿಲ್ಲ.

ಎಂಜಿನ್ ಪೂರ್ತಿ ಬೇರೆ. 4ಬಿ11, ಅಲ್ಯೂಮಿನಿಯಂ ಬ್ಲಾಕು, ಬೆಲ್ಟಿನ ಬದಲು ಚೈನು, 1998 ಸಿಸಿ. ಹುಂಡೈ ಮತ್ತು ಕ್ರೈಸ್ಲರ್ ಜೊತೆ ಸೇರಿ ಮಾಡಿದ ಎಂಜಿನ್ ಕುಟುಂಬದಿಂದ ಬಂದದ್ದು ಎಂಬ ಕಾರಣಕ್ಕೆ ಒಂಬತ್ತರ ಪಕ್ಷದವರು ಇದನ್ನು ಮೂದಲಿಸುತ್ತಾರೆ. ಆದರೆ ವಿನ್ಯಾಸದಲ್ಲಿ ಬುದ್ಧಿ ಕಾಣುತ್ತದೆ. ಒಂಬತ್ತರಲ್ಲಿ ಟರ್ಬೊ ಎಂಜಿನ್ನಿನ ಮುಂದೆ, ರೇಡಿಯೇಟರಿಗೆ ಮುಖ ಕೊಟ್ಟು ಕೂತಿದ್ದರೆ, ಹತ್ತರಲ್ಲಿ ಎಂಜಿನ್ನನ್ನೇ ತಿರುಗಿಸಿ ಟರ್ಬೊವನ್ನು ಹಿಂದೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್ ಕಡೆಗೆ ಹಾಕಿದ್ದಾರೆ. ಎಂಜಿನ್ ಒಂದಿಷ್ಟು ಕೆಳಗೆ ಕೂರುತ್ತದೆ. ಬ್ಯಾಟರಿ ಮತ್ತು ಗ್ಲಾಸು ತೊಳೆಯುವ ನೀರಿನ ಟ್ಯಾಂಕು ಡಿಕ್ಕಿಗೆ ಹೋಗಿವೆ. ಒಟ್ಟು ಉದ್ದ ಬರೀ 5 ಮಿಲಿಮೀಟರ್ ಹೆಚ್ಚಾದರೂ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್ 25 ಮಿಲಿಮೀಟರ್ ಹೆಚ್ಚಿದೆ. ಒಟ್ಟಿನಲ್ಲಿ, ಮೂತಿಯ ಭಾರವನ್ನು ಹೇಗಾದರೂ ಹಿಂದಕ್ಕೆ ತಳ್ಳಬೇಕು ಎಂದು ಯಾರೋ ಹಟ ಹಿಡಿದು ಕೂತು ಕೆಲಸ ಮಾಡಿದ್ದಾರೆ. ಉಡಾಫೆಯಿಂದ ಮಾಡಿದ ಕಾರು ಹೀಗಿರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ತೂಕ ಏರಿತು. ಮ್ಯಾನುವಲ್ ಗೇರಿನ ಜಿಎಸ್‌ಆರ್ 1520 ಕೆಜಿ, ಎರಡು ಕ್ಲಚ್ಚಿನ, ತಾನೇ ಗೇರು ಬದಲಿಸುವ ಟಿಸಿ-ಎಸ್‌ಎಸ್‌ಟಿ ಇರುವುದು 1540. ಒಂಬತ್ತಕ್ಕಿಂತ ನೂರಕ್ಕೂ ಹೆಚ್ಚು ಕೆಜಿ ಜಾಸ್ತಿ, ಅದೂ ಛಾವಣಿ, ಬಾನೆಟ್, ಮುಂದಿನ ಫೆಂಡರುಗಳೆಲ್ಲ ಅಲ್ಯೂಮಿನಿಯಂ ಆದಮೇಲೆ, ಎಂಜಿನ್ನೂ ಹಗುರಾದ ಮೇಲೆ. ಅಪಘಾತದ ನಿಯಮಗಳು, ಅಗಲವಾದ ಮೈ, 18 ಇಂಚಿನ ಚಕ್ರ, ದಪ್ಪ ಬಾಗಿಲು, ಒಳಗಿನ ಸದ್ದು ತಡೆಯುವ ಹೊದಿಕೆ ಎಲ್ಲ ಸೇರಿ ಇಷ್ಟಾಯಿತು. ಶಕ್ತಿ ಮೊದಲ ವರ್ಷ ಅದೇ 280, ಮರುವರ್ಷ 300. ಟಾರ್ಕ್ 422. ಅಂಕಿ ಮೇಲೆ ಹೋಯಿತು, ಆದರೆ ಆ ತೂಕ ಎಲ್ಲಿಗೂ ಹೋಗಲಿಲ್ಲ. ಹೋರಾಯ್ಜಿ ಬೆಟ್ಟದ ಕಡೆ ಇಳಿಜಾರಿನಲ್ಲಿ ಒಂದರ ಹಿಂದೆ ಒಂದು ತಿರುವು ಬರುವಾಗ ಬ್ರೇಕ್ ಒತ್ತಿದರೆ ಅದು ಗೊತ್ತಾಗುತ್ತದೆ. ಒಂಬತ್ತು ನಿಲ್ಲುತ್ತದೆ. ಹತ್ತು ನಿಲ್ಲುವುದಕ್ಕೆ ಒಪ್ಪುತ್ತದೆ.

ಇನ್ನು ಕಂಪ್ಯೂಟರಿನ ಮಾತು. ಹತ್ತರ ಮೇಲಿರುವ ದೊಡ್ಡ ಆರೋಪ ಅದರ ಎಸ್-ಎಡಬ್ಲ್ಯುಸಿ ಎಂಬ, ಚಕ್ರಗಳಿಗೆ ಬಲ ಹಂಚುವುದನ್ನೂ ಬ್ರೇಕನ್ನೂ ಒಟ್ಟಿಗೆ ನಿಯಂತ್ರಿಸುವ ವ್ಯವಸ್ಥೆಯದು. ‘ಅದು ನಿಮ್ಮ ಬದಲು ತಾನೇ ಓಡಿಸುತ್ತದೆ’ ಅನ್ನುತ್ತಾರೆ. ಹಾಗಿದ್ದರೆ ಒಂಬತ್ತರಲ್ಲಿ ಏನಿತ್ತು? ಮುಂದು ಹಿಂದಿನ ಆಕ್ಸಲ್‌ಗಳ ನಡುವೆ ಎಸಿಡಿ, ಅಂದರೆ ಹೈಡ್ರಾಲಿಕ್ ಒತ್ತಡದಿಂದ ಬಿಗಿಯಾಗುತ್ತ ಸಡಿಲವಾಗುತ್ತ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಸೆಂಟರ್ ಡಿಫರೆನ್ಷಿಯಲ್. ಅದು 2001ರ ಏಳನೆಯ ಎವೊದಿಂದಲೇ ಇದೆ. ಹಿಂದಿನ ಆಕ್ಸಲ್‌ನಲ್ಲಿ ಎವೈಸಿ. ಅದಂತೂ 1996ರ ನಾಲ್ಕನೆಯ ಎವೊದಿಂದ.

ಎವೈಸಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಎವೊ ಅನ್ನುವುದರ ಜೀವ ಅಲ್ಲಿದೆ ಎಂದು ನನ್ನ ನಂಬಿಕೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಸಾಮಾನ್ಯ ಡಿಫರೆನ್ಷಿಯಲ್ ಅದಕ್ಕೆ ಅವಕಾಶ ಕೊಟ್ಟು ಸುಮ್ಮನಾಗುತ್ತದೆ. ಎವೈಸಿ ಸುಮ್ಮನಿರುವುದಿಲ್ಲ. ಡಿಫರೆನ್ಷಿಯಲ್ ಪಕ್ಕದಲ್ಲೇ ಹೆಚ್ಚುವರಿ ಗೇರುಗಳೂ ಎರಡು ಕ್ಲಚ್ಚುಗಳೂ ಇವೆ. ಸ್ಟೀರಿಂಗ್ ಎಷ್ಟು ತಿರುಗಿದೆ, ವೇಗ ಎಷ್ಟು, ಕಾಲು ಆಕ್ಸಿಲರೇಟರಿನ ಮೇಲೋ ಬ್ರೇಕಿನ ಮೇಲೋ ಎಂದು ಲೆಕ್ಕ ಹಾಕಿ ಬೇಕಾದ ಕ್ಲಚ್ಚನ್ನು ಒತ್ತಿದರೆ ಒಳಗಿನ ಚಕ್ರದ ಪಾಲಿನ ಬಲ ಹೊರಗಿನ ಚಕ್ರಕ್ಕೆ ಹೋಗುತ್ತದೆ. ಹೊರಚಕ್ರ ಹೆಚ್ಚು ನೂಕಿದರೆ ಕಾರಿನ ಮೂತಿ ಒಳಕ್ಕೆ ತಿರುಗುತ್ತದೆ. ಅಂದರೆ ಕಾಲು ಒತ್ತಿದಷ್ಟೂ ಕಾರು ತಿರುವಿನಿಂದ ಹೊರಕ್ಕೆ ಜಾರುವ ಬದಲು ಒಳಕ್ಕೆ ಬರುತ್ತದೆ. ಎಂಟನೆಯ ಎವೊದಲ್ಲಿ ಒಳಗಿನ ಗೇರುಗಳನ್ನು ಬದಲಿಸಿ, ಇನ್ನೂ ಹೆಚ್ಚು ಬಲ ಆಚೀಚೆ ಸಾಗಿಸುವಂತೆ ಮಾಡಿದರು. ಒಂಬತ್ತಕ್ಕೆ ಬಂದದ್ದು ಅದೇ.

ಹಾಗಾದರೆ ಹತ್ತರಲ್ಲಿ ಹೊಸದೇನು? ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು ಅಳೆಯುವ ಯಾ ರೇಟ್ ಸೆನ್ಸರಿನ ಮಾತನ್ನು ಎವೈಸಿ ಕೇಳತೊಡಗಿತು. ಜೊತೆಗೆ ಬ್ರೇಕುಗಳೂ ಅದೇ ಲೆಕ್ಕದೊಳಗೆ ಬಂದವು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಒಂಬತ್ತು ಬಹಳಮಟ್ಟಿಗೆ ನಿಮ್ಮ ಕೈಕಾಲು ನೋಡಿ ಊಹೆ ಮಾಡುತ್ತದೆ. ಹತ್ತು ಊಹೆ ಮಾಡಿ, ಆಮೇಲೆ ಊಹೆ ಸರಿಯಾಯಿತೇ ಎಂದು ತಿರುಗಿ ನೋಡುತ್ತದೆ. ಫೀಡ್‌ಬ್ಯಾಕ್ ಲೂಪ್ ಮುಚ್ಚಿತು, ಅಷ್ಟೆ. ಇಷ್ಟಕ್ಕೆ ಒಂದು ಕಾರನ್ನು ಆತ್ಮವುಳ್ಳದ್ದು ಎಂದೂ ಇನ್ನೊಂದನ್ನು ಯಂತ್ರ ಎಂದೂ ಕರೆಯುವುದು ಅನ್ಯಾಯ.

ಒಂಬತ್ತು ‘ಶುದ್ಧ’ ಎಂಬ ಕೀರ್ತಿ ಎಲ್ಲಿಂದ ಹುಟ್ಟಿತು ಎಂದು ನನಗೊಂದು ಗುಮಾನಿ ಇದೆ. ಅಮೆರಿಕದಲ್ಲಿ ಮಾರಿದ ಒಂಬತ್ತರಲ್ಲಿ ಎವೈಸಿ ಇರಲೇ ಇಲ್ಲ. ಅಲ್ಲಿಯವರಿಗೆ ಅದು ಮೊದಲ ಬಾರಿಗೆ ಸಿಕ್ಕಿದ್ದು ಹತ್ತರಲ್ಲಿ. ಅವರ ಮಟ್ಟಿಗೆ ‘ಮೊದಲು ಕಂಪ್ಯೂಟರು ಇರಲಿಲ್ಲ, ಈಗ ಬಂತು’ ಎಂಬುದು ಸುಮಾರಾಗಿ ನಿಜ. ಅಂತರ್ಜಾಲದಲ್ಲಿ ಹೆಚ್ಚು ಬರೆದವರೂ ಅವರೇ. ಅವರ ಅನುಭವವೇ ಎಲ್ಲರ ಇತಿಹಾಸವಾಗಿ ಕೂತಿತು. ಜಪಾನಿನ ಒಂಬತ್ತನ್ನು ಹಿಮದ ಹೇರ್‌ಪಿನ್‌ನಲ್ಲಿ ಓಡಿಸಿದವರು ಅದನ್ನು ಅನಲಾಗ್ ಕಾರು ಎಂದು ಕರೆಯಲಾರರು. ಹ್ಯಾಂಡ್‌ಬ್ರೇಕ್ ಎಳೆದ ತಕ್ಷಣ ಎಸಿಡಿ ತಾನಾಗಿಯೇ ಸಡಿಲವಾಗಿ, ಹಿಂಚಕ್ರ ಮಾತ್ರ ಕಚ್ಚಿಕೊಳ್ಳಲಿ ಎಂದು ದಾರಿ ಬಿಡುತ್ತದೆ. ಇಷ್ಟು ಉಪಕಾರ ಮಾಡುವುದೂ ಕಂಪ್ಯೂಟರೇ.

ಯಾವುದು ವೇಗ ಎಂಬ ಪ್ರಶ್ನೆಗೂ ರ‍್ಯಾಲಿಯೇ ಉತ್ತರ ಕೊಟ್ಟಿದೆ, ಕೊಂಚ ತಮಾಷೆಯಾಗಿ. ಪೋರ್ಚುಗಲ್ಲಿನ ಅರ್ಮಿಂಡೊ ಅರೌಜೊ ಪ್ರೊಡಕ್ಷನ್ ವಿಭಾಗದ ವಿಶ್ವ ರ‍್ಯಾಲಿ ಪ್ರಶಸ್ತಿಯನ್ನು 2009ರಲ್ಲಿ ಗೆದ್ದದ್ದು ಒಂಬತ್ತರಲ್ಲಿ, 2010ರಲ್ಲಿ ಗೆದ್ದದ್ದು ಹತ್ತರಲ್ಲಿ. ಅದೇ ಮನುಷ್ಯ, ಅದೇ ಪ್ರಶಸ್ತಿ, ಮರುವರ್ಷ ಬೇರೆ ಕಾರು. ಇದಕ್ಕಿಂತ ಒಳ್ಳೆಯ ಹೋಲಿಕೆ ನಾವು ರಜೆಯ ದಿನ ಬೆಟ್ಟ ಹತ್ತಿ ಇಳಿದು ಮಾಡಲಾರೆವು.

ಊರಿನ ಮಾತು ಒಂದಿಷ್ಟು. ಚಿಕ್ಕಮಗಳೂರು ಕಡೆಯವರಿಗೆ ಈ ಕಾರುಗಳ ನೆಂಟಸ್ತಿಕೆ ಗೊತ್ತಿಲ್ಲದೆಯೇ ಇತ್ತು. ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ರ‍್ಯಾಲಿ ನಡೆಯುವಾಗ ಬೇಲಿ ಪಕ್ಕ ನಿಂತು ನಾವು ನೋಡುತ್ತಿದ್ದದ್ದು ಮಿತ್ಸುಬಿಷಿ ಸೀಡಿಯಾ. ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 2006ರಿಂದ ತಯಾರಿಸಿದ, ಎರಡು ಲೀಟರಿನ, ಟರ್ಬೊ ಇಲ್ಲದ, ಮುಂಚಕ್ರ ಮಾತ್ರ ಎಳೆಯುವ ಕಾರು. ಭಾರತದ ರಾಷ್ಟ್ರೀಯ ರ‍್ಯಾಲಿಯಲ್ಲಿ ಅದು ವರ್ಷಗಟ್ಟಲೆ ರಾಜ್ಯಭಾರ ಮಾಡಿತು. ಏಳು, ಎಂಟು, ಒಂಬತ್ತನೆಯ ಎವೊಗಳ ಮೈ ಕಟ್ಟಿದ್ದು ಇದೇ ಸೀಡಿಯಾದ ಮೇಲೆ. ಬಾಗಿಲು, ಛಾವಣಿಯ ಗೆರೆ, ಕಿಟಕಿಯ ಮೂಲೆ ಎಲ್ಲ ಅದೇ. ಆಫೀಸಿನ ಪಾರ್ಕಿಂಗಿನಲ್ಲಿ ಒಂಬತ್ತನ್ನು ಪಕ್ಕದಿಂದ ನೋಡಿದಾಗ ನನಗೆ ಮೊದಲು ಕಂಡದ್ದು ಮೂಡಿಗೆರೆ ರಸ್ತೆಯ ಕೆಂಪು ಧೂಳು ಮೆತ್ತಿದ ಸೀಡಿಯಾ, ಮ್ಯಾಕಿನೆನ್ ಅಲ್ಲ. ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು ಮಾತ್ರ ಹತ್ತು, 2010ರಲ್ಲಿ, ಪೂರ್ತಿ ಆಮದಾಗಿ, ಐವತ್ತು ಲಕ್ಷದ ಆಸುಪಾಸಿನ ಬೆಲೆಗೆ. ಲ್ಯಾನ್ಸರ್ ಎಂಬ ಹೆಸರಿಗೆ ಐವತ್ತು ಲಕ್ಷ ಕೊಡುವವರು ನಮ್ಮಲ್ಲಿ ಎಷ್ಟು ಜನ ಇದ್ದಾರು? ಮುಂದೆ ಗೌರವ್ ಗಿಲ್ 2013ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದಾಗ ಅವರು ಓಡಿಸುತ್ತಿದ್ದದ್ದು ಸ್ಕೋಡಾ ಫಾಬಿಯಾ.

ಆ ಸ್ಕೋಡಾದಲ್ಲೇ ಎವೊದ ಅಂತ್ಯಕ್ಕೆ ಕಾರಣ ಇದೆ. ಎಸ್2000, ಆಮೇಲೆ ಆರ್5 ಎಂಬ ಹೊಸ ವಿಭಾಗಗಳು ಬಂದವು. ಚಿಕ್ಕ ಹ್ಯಾಚ್‌ಬ್ಯಾಕಿನ ಮೈ ತೆಗೆದುಕೊಂಡು, ಒಳಗೆಲ್ಲ ರ‍್ಯಾಲಿಗೆಂದೇ ತಯಾರಿಸಿದ ಸಾಮಾನು ತುಂಬಿಸಬಹುದು. ಶೋರೂಮಿನಲ್ಲಿ ಅಂಥ ಕಾರನ್ನು ಮಾರಬೇಕಿಲ್ಲ. ಮಾರುವ ಕಾರೇ ಓಡುವ ಕಾರು ಎಂಬ ಕಾರಣ ಹೋದಮೇಲೆ, ನಾಲ್ಕು ಚಕ್ರ ಎಳೆಯುವ ದುಬಾರಿ ಸೆಡಾನನ್ನು ಯಾಕೆ ಮಾಡಬೇಕು? ಹತ್ತು ಹುಟ್ಟುವಾಗಲೇ ಈ ಪ್ರಶ್ನೆ ಅದರ ಮುಂದೆ ಇತ್ತು. ಆದ್ದರಿಂದಲೇ ಅದು ಒಂದೇ ಹೊತ್ತಿಗೆ ರ‍್ಯಾಲಿ ಕಾರೂ ಆಗಲು, ಹೆದ್ದಾರಿಯಲ್ಲಿ ಆರಾಮವಾಗಿ ಹೋಗುವ ಕಾರೂ ಆಗಲು ಹೊರಟಿತು. ಒಳ್ಳೆಯ ಸ್ಟೀರಿಯೊ ಕೊಟ್ಟರು. ಕ್ಲಚ್ ಪೆಡಲ್ ಇಲ್ಲದ ಟಿಸಿ-ಎಸ್‌ಎಸ್‌ಟಿ ಕೊಟ್ಟರು. ಒಂಬತ್ತು ಯಾರನ್ನೂ ಮೆಚ್ಚಿಸಬೇಕಿರಲಿಲ್ಲ, ಅದರ ಗಿರಾಕಿ ರ‍್ಯಾಲಿ ತಂಡ. ಹತ್ತಕ್ಕೆ ಗಿರಾಕಿಯನ್ನು ಹುಡುಕಿಕೊಳ್ಳಬೇಕಿತ್ತು. ಎರಡು ಕಾರುಗಳ ನಡುವೆ ನನಗೆ ಕಾಣುವ ನಿಜವಾದ ವ್ಯತ್ಯಾಸ ಇದು.

ಗೇರಿನ ವಿಷಯದಲ್ಲಿ ಹತ್ತು ಎಡವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಟಿಸಿ-ಎಸ್‌ಎಸ್‌ಟಿ ಬೆಟ್ಟದಲ್ಲಿ ಅದ್ಭುತ. ಎಸ್-ಸ್ಪೋರ್ಟ್ ಮೋಡಿನಲ್ಲಿ ಬ್ರೇಕ್ ಒತ್ತಿದರೆ ತಾನೇ ಕೆಳಗಿನ ಗೇರಿಗೆ ಇಳಿದು ಕಾಯುತ್ತದೆ. ನಗರದಲ್ಲಿ ಆಮೆ ವೇಗದಲ್ಲಿ ಹೋಗುವಾಗ ಮಾತ್ರ ಹೊಸದಾಗಿ ಡ್ರೈವಿಂಗ್ ಕಲಿತವರ ಕ್ಲಚ್ಚಿನಂತೆ ತಡವರಿಸುತ್ತದೆ. ಅದರ ಎಣ್ಣೆಯನ್ನು ಹೊತ್ತುಹೊತ್ತಿಗೆ ಬದಲಿಸಲೇಬೇಕು. ಎಂಜಿನ್ನಿನ ಶಕ್ತಿಯನ್ನು ಬಹಳ ಏರಿಸಿದರೆ ತಡೆಯುವುದಿಲ್ಲ. ಮ್ಯಾನುವಲ್ ಬೇಕೆಂದರೆ ಐದೇ ಗೇರು, ಅದೂ ಒಂಬತ್ತರಲ್ಲಿ ಆರು ಕೊಟ್ಟವರು! ತೋಮೆ ಎಕ್ಸ್‌ಪ್ರೆಸ್‌ವೇನಲ್ಲಿ ನೂರರಲ್ಲಿ ಹೋಗುವಾಗ ಇಲ್ಲದ ಆರನೆಯ ಗೇರಿಗಾಗಿ ಎಡಗೈ ಸುಮ್ಮನೆ ತಡಕಾಡುತ್ತದೆ.

2015ರಲ್ಲಿ ಜಪಾನಿಗೆ ಸಾವಿರ ಕಾರುಗಳ ಫೈನಲ್ ಎಡಿಷನ್ ಬಿಟ್ಟು ಎವೊ ಅಧ್ಯಾಯ ಮುಚ್ಚಿದರು. 313 ಪಿಎಸ್, ಬೆಲೆ ಸುಮಾರು 43 ಲಕ್ಷ ಯೆನ್. ಟಿಸಿ-ಎಸ್‌ಎಸ್‌ಟಿ ಇಲ್ಲ, ಐದು ಗೇರಿನ ಮ್ಯಾನುವಲ್ ಮಾತ್ರ. ತಮ್ಮದೇ ಹೆಗ್ಗಳಿಕೆಯ ಗೇರ್‌ಬಾಕ್ಸನ್ನು ಕೊನೆಯ ಕಾರಿನಿಂದ ಕಂಪನಿಯೇ ಬಿಟ್ಟದ್ದನ್ನು ನೋಡಿ ಒಂಬತ್ತರ ಪಕ್ಷದ ನನ್ನ ಸಹೋದ್ಯೋಗಿ ಇವತ್ತಿಗೂ ಮುಸಿಮುಸಿ ನಗುತ್ತಾರೆ.

ಇಷ್ಟೆಲ್ಲ ಬರೆದವನು ಯಾವುದನ್ನು ಕೊಳ್ಳುತ್ತೀಯ ಎಂದರೆ ಹತ್ತನ್ನೇ, ಮ್ಯಾನುವಲ್ಲನ್ನು. ಕಾರಣ ಅರ್ಧ ತರ್ಕ, ಅರ್ಧ ಜೇಬು. ಕಬ್ಬಿಣದ ಎಂಜಿನ್ನಿನ ಮೇಲೆ ಆಸೆ ಇದೆ, ಆದರೆ ಕೆಡದೆ ಉಳಿದ ಒಂಬತ್ತುಗಳು ಈಗ ಓಡಿಸುವ ಕಾರುಗಳಾಗಿ ಉಳಿದಿಲ್ಲ, ಬೀರುವಿನಲ್ಲಿಡುವ ಒಡವೆಯ ಬೆಲೆಗೆ ಹೋಗಿವೆ. ಜಪಾನಿನಲ್ಲಿ ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆ ಹೆಚ್ಚು, ಈ ಗಾತ್ರದ ಎಂಜಿನ್ನಿಗೆ ವರ್ಷಕ್ಕೆ 39,500 ಯೆನ್ ಇದ್ದದ್ದು 45,400 ಆಗುತ್ತದೆ. ಎರಡು ವರ್ಷಕ್ಕೊಮ್ಮೆ ಶಾಕೆನ್ ತಪಾಸಣೆ ಬೇರೆ. ಮನೆ ಹತ್ತಿರ ಪಾರ್ಕಿಂಗ್ ಜಾಗ ಇದೆ ಎಂಬ ಪ್ರಮಾಣಪತ್ರ ಇಲ್ಲದೆ ನೋಂದಣಿಯೂ ಆಗದು. ಆ ಜಾಗದಲ್ಲಿ ಈಗ ಹೆಂಡತಿಯ ಪುಟ್ಟ ಕೇ ಕಾರು ನಿಂತಿದೆ, ಅದರ ಬಗ್ಗೆ ಮಾತುಕತೆ ನಡೆಯುತ್ತಿದೆ. ಒಕಾಯಾಮಾ ಕಡೆ ಒಂದು ಬಿಳಿ ಹತ್ತು ಮಾರಾಟಕ್ಕಿದೆ. ಎವೊಗಳೆಲ್ಲ ತಯಾರಾಗುತ್ತಿದ್ದ ಮಿಜುಶಿಮಾ ಕಾರ್ಖಾನೆ ಇರುವ ಸೀಮೆಯದೇ. ಮಾರುವವರು ಒಳಗೂ ಹೊರಗೂ ಚಂದದ ಫೋಟೊ ಕಳಿಸಿದ್ದಾರೆ. ಆದರೆ ಹತ್ತರಲ್ಲಿ ಎವೈಸಿಯ ಹೈಡ್ರಾಲಿಕ್ ಪಂಪು ಹಿಂಚಕ್ರದ ಹಿಂದೆ, ಕೆಳಗಡೆ ಕೂತಿರುತ್ತದೆ. ಹಿಮದ ರಸ್ತೆಗೆ ಎರಚುವ ಉಪ್ಪು ಅದನ್ನು ತಿಂದುಹಾಕುತ್ತದೆ, ಬದಲಿಸುವ ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಅದರ ಫೋಟೊ ಮಾತ್ರ ಕೇಳಿದರೂ ಬಂದಿಲ್ಲ. ಹೋಗಿ, ಜಾಕ್ ಹಾಕಿ, ಟಾರ್ಚು ಬಿಟ್ಟು ನೋಡಿದ ಮೇಲೆಯೇ ದುಡ್ಡಿನ ಮಾತು.